ಗಡಿ ಕಲ್ಯಾಣಪ್ಪನ ಹಿಂದಿನ ಸೀಟು

ಕಲ್ಯಾಣಪ್ಪನ ತವೇರಾ ಗಾಡಿಯಲ್ಲಿ ನಡುವಿನ ಸಾಲಿನಲ್ಲಿ, ಎಡಗಡೆ ಕಿಟಕಿಯ ಪಕ್ಕ ಒಂದು ಸೀಟಿದೆ. ಅದರಲ್ಲಿ ಅವನು ಯಾರನ್ನೂ ಕೂಡಿಸುವುದಿಲ್ಲ. ಕೇಳಿದರೆ ಸ್ಪ್ರಿಂಗ್ ಮುರಿದಿದೆ ಎನ್ನುತ್ತಾನೆ. ನಾನು ಒಮ್ಮೆ ಅಂಗೈಯಿಂದ ಒತ್ತಿ ನೋಡಿದ್ದೇನೆ, ಆ ಸ್ಪ್ರಿಂಗು ನನ್ನ ಮೊಣಕಾಲಿಗಿಂತ ಗಟ್ಟಿಯಾಗಿದೆ. ಸುಳ್ಳು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳಿ ಹೈದರಾಬಾದಿನಲ್ಲಿ ನಾವಿರುವ ತಾರ್ನಾಕದ ಅರ್ಧ ಜನರನ್ನು ಎದುರು ಹಾಕಿಕೊಂಡವಳು ನಾನು. ಆದರೂ ಈ ಮನುಷ್ಯನ ಎರಡು ಸುಳ್ಳುಗಳನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದೇನೆ. ಸ್ಪ್ರಿಂಗಿನದು ಒಂದು. ಇನ್ನೊಂದನ್ನು ಹೇಳುವುದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ನನ್ನ ಹೆಸರು ಸುವರ್ಣಾ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಿಯಾದವಳು. ಮಗಳನ್ನು ಹುಮನಾಬಾದಿಗೆ ಕೊಟ್ಟಿರುವುದರಿಂದ ಆಗಾಗ ಆ ಕಡೆ ಹೋಗಬೇಕಾಗುತ್ತದೆ. ಬಸ್ಸಿನ ಮೆಟ್ಟಿಲು ಹತ್ತುವ ಮೊಣಕಾಲು ನನಗೀಗ ಇಲ್ಲ. ಹಾಗಾಗಿ ಕಲ್ಯಾಣಪ್ಪನ ಗಾಡಿಯೇ ಗತಿ.

ಅವನು ಭಾಲ್ಕಿ ಕಡೆಯವನು. ಲಾರಿಯ ಕ್ಲೀನರ್ ಆಗಿ ಹೈದರಾಬಾದಿಗೆ ಬಂದು, ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಬಾಡಿಗೆಯ ಮನೆ ಹಿಡಿದು, ಹಳೆಯದೊಂದು ತವೇರಾ ಕೊಂಡು ತನ್ನ ಕಾಲ ಮೇಲೆ ನಿಂತವನು. ಬೆಳಿಗ್ಗೆ ಕಾಚಿಗೂಡದಿಂದ ಹೊರಟು, ದಿಲ್‌ಸುಖ್‌ನಗರದಲ್ಲಿ ಒಬ್ಬರು, ತಾರ್ನಾಕದಲ್ಲಿ ಇಬ್ಬರು ಎಂದು ನಮ್ಮ ಕಡೆಯ ಜನರನ್ನು ಹತ್ತಿಸಿಕೊಂಡು, ಜಹೀರಾಬಾದಿನ ಮೇಲೆ ಹಾದು ಹುಮನಾಬಾದಿಗೆ ಮುಟ್ಟಿಸುತ್ತಿದ್ದ. ಸಂಜೆಗೆ ಮತ್ತೆ ವಾಪಸ್ಸು. ಗಾಡಿ ಹತ್ತಿದವರನ್ನು ಬೇರೆ ಡ್ರೈವರುಗಳು ‘ಆರಾಮ್ ಇದ್ದೀರಾ’ ಎಂದು ಕೇಳಿದರೆ, ಕಲ್ಯಾಣಪ್ಪ ಮೊದಲು ಆ ದಿನದ ಡೀಸೆಲ್ ದರ ಹೇಳುತ್ತಿದ್ದ. ಇಲ್ಲಿಯದಿಷ್ಟು, ಗಡಿಯಾಚೆಯದಿಷ್ಟು.

ಎಣ್ಣೆಯ ದರ ದಿನಾ ಬೆಳಿಗ್ಗೆ ಆರಕ್ಕೆ ಬದಲಾಗುತ್ತದೆಂದು ಸರ್ಕಾರ ನಿಯಮ ಮಾಡಿದಾಗಿನಿಂದ ಇದು ಅವನಿಗೆ ಸುಪ್ರಭಾತವೇ ಆಗಿಬಿಟ್ಟಿತ್ತು. ಎದ್ದವನೇ ಗಡಿಯಾಚೆಯ ಪಂಪಿನ ಮ್ಯಾನೇಜರ್ ಸೀತಾರಾಮನಿಗೆ ಫೋನು ಹಚ್ಚುತ್ತಿದ್ದ. ದಾರಿಯುದ್ದಕ್ಕೂ ಗಾಡಿಯಲ್ಲಿ ಇದೇ ಚರ್ಚೆ. ಒಬ್ಬರು ಅರಬ್ಬರನ್ನು ಬೈದರೆ ಇನ್ನೊಬ್ಬರು ಡಾಲರನ್ನು ಬೈಯುವರು. ಎಲ್ಲೋ ಸಮುದ್ರದಾಚೆ ಯುದ್ಧವಾದರೆ ಪಟಾನ್‌ಚೆರುವಿನ ಆಟೋದವನು ಯಾಕೆ ಬಾಡಿಗೆ ಹೆಚ್ಚಿಸಬೇಕೆಂದು ಮತ್ತೊಬ್ಬರ ಜಗಳ. ಚುನಾವಣೆ ಬಂತೆಂದರೆ ಈ ದಿನಾ ಕುಣಿಯುವ ದರಕ್ಕೆ ಲಕ್ವಾ ಹೊಡೆಯುತ್ತದೆ, ಮತ ಎಣಿಸಿದ ಮೇಲೆ ಎದ್ದು ಓಡುತ್ತದೆ ಎಂದು ನಾನು ಕುಟುಕುತ್ತಿದ್ದೆ. ಕಲ್ಯಾಣಪ್ಪ ಎಲ್ಲವನ್ನೂ ಕೇಳಿ ಕೊನೆಗೆ ತನ್ನ ತೀರ್ಪು ಕೊಡುತ್ತಿದ್ದ. “ಗಿರಣಿಗೆ ಹೊತ್ತ ಜ್ವಾಳ ಇದ್ದಂಗರಿ ಇದು. ದಾರ್ಯಾಗ ದಿಲ್ಲಿಯಾಂವ ಒಂದು ಬೊಗಸಿ ತಗೀತಾನ, ಹೈದರಾಬಾದಿನಾಂವ ಒಂದು ಬೊಗಸಿ ತಗೀತಾನ. ಜಹೀರಾಬಾದ್ ದಾಟಿದ್ರ ನಮ್ಮ ಕಡೇದಾಂವನ ಬೊಗಸಿ ಒಂಚೂರು ಸಣ್ಣದೈತಿ, ಅಷ್ಟ.”

ಆ ಒಂಚೂರಿನ ಮೇಲೆ ಅವನ ಜೀವನ ನಿಂತಿತ್ತು. ತೆಲಂಗಾಣದ ಡೀಸೆಲ್ಲನ್ನು ಅವನು ಮುಟ್ಟುತ್ತಿರಲಿಲ್ಲ. ಹೋಗುವಾಗ ಗಡಿ ದಾಟಿದ ಕೂಡಲೇ ತುಂಬಿಸಿಕೊಂಡರೆ, ಹುಮನಾಬಾದ್ ಮುಟ್ಟಿ, ಹೈದರಾಬಾದಿಗೆ ಬಂದು, ಮರುದಿನ ಮತ್ತೆ ಆ ಗಡಿಯ ಪಂಪಿಗೆ ಹೋಗಿ ನಿಲ್ಲುವಷ್ಟು ಎಣ್ಣೆ ಉಳಿಯಬೇಕು. ಮೀಟರಿನ ಮುಳ್ಳು ಕೆಳಗಿನ ಗೆರೆಗೆ ಮುಖ ಹಚ್ಚಿ ಮಲಗಿದ್ದರೂ ಅವನು ಹಾಡು ಗುನುಗುತ್ತಾ ಗಾಡಿ ಓಡಿಸುತ್ತಿದ್ದ. ಅಲ್ಲಿಯವರೆಗೆ ಒಂದು ದಿನವೂ ಅದು ಅವನಿಗೆ ಕೈಕೊಟ್ಟಿರಲಿಲ್ಲ. ಈ ವಿದ್ಯೆಯನ್ನು ತಾನೊಬ್ಬನೇ ಇಟ್ಟುಕೊಳ್ಳದೆ ಸಿಕ್ಕವರಿಗೆಲ್ಲ ಹೇಳಿದ. ಕಾಚಿಗೂಡದ ಡ್ರೈವರುಗಳಿಗೆ, ಜಹೀರಾಬಾದಿನ ಲಾರಿಯವರಿಗೆ, ಸ್ವಂತ ಕಾರಿನಲ್ಲಿ ಊರಿಗೆ ಹೋಗುವ ಐಟಿ ಹುಡುಗರಿಗೆ, ಯಾರೇ ಸಿಗಲಿ ‘ಗಡಿ ದಾಟಿ ಹಾಕಸ್ರಿ’ ಎನ್ನುವುದು ಅವನ ಮಂತ್ರ. ಜನ ಅವನಿಗೆ ಗಡಿ ಕಲ್ಯಾಣಪ್ಪ ಎಂದೇ ಹೆಸರಿಟ್ಟರು. ಅವನಿಗೆ ಅದು ಬಿರುದು.

ಬಸಲಿಂಗಮ್ಮನವರು ಅವನ ಹಳೆಯ ಗಿರಾಕಿ. ದಿಲ್‌ಸುಖ್‌ನಗರದಲ್ಲಿ ಗಂಡ ಪಾತ್ರೆ ಅಂಗಡಿ ಇಟ್ಟಿದ್ದರು, ಅವರು ಹೋದ ಮೇಲೆ ಮಗ ನಡೆಸುತ್ತಿದ್ದ. ತವರು ಹುಮನಾಬಾದ್. ತವರಿನಲ್ಲಿ ಉಳಿದದ್ದು ಒಬ್ಬ ಅಣ್ಣ. ದೀಪಾವಳಿ ಪಾಡ್ಯದ ಮರುದಿನ ಬಿದಿಗೆಗೆ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗುತ್ತಾರಲ್ಲ, ಆ ಒಂದು ದಿನ ಬಸಲಿಂಗಮ್ಮ ತಪ್ಪಿಸಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಮಳೆಯಿರಲಿ, ಬಂದ್ ಇರಲಿ, ಹೋಗಿಯೇ ಹೋದರು. ಕಣಕದ ದೀಪಗಳನ್ನು ಮನೆಯಲ್ಲೇ ತಿದ್ದಿ, ತುಪ್ಪದಲ್ಲಿ ಅದ್ದಿದ ಬತ್ತಿಯಿಟ್ಟು, ತಟ್ಟೆಗೆ ಬಿಳಿ ಅರಿವೆ ಮುಚ್ಚಿ, ತೊಡೆಯ ಮೇಲೆ ಇಟ್ಟುಕೊಂಡು ಆ ಎಡಗಡೆ ಕಿಟಕಿಯ ಸೀಟಿನಲ್ಲಿ ಕೂತರೆ ಇಡೀ ಗಾಡಿ ತುಪ್ಪದ ವಾಸನೆ. ಕಲ್ಯಾಣಪ್ಪ ಅವರನ್ನು ಹುಮನಾಬಾದಿನಲ್ಲಿ ಅವರ ಓಣಿಯ ಬಾಯಿಗೆ ಇಳಿಸುತ್ತಿದ್ದ. ಓಣಿ ಇಕ್ಕಟ್ಟು, ಗಾಡಿ ಒಳಗೆ ಹೋಗದು. ಹೀಗಾಗಿ ಇಷ್ಟು ವರ್ಷ ತಂಗಿಯನ್ನು ಮುಟ್ಟಿಸಿದವನು ಅಣ್ಣನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಆ ವರ್ಷ ಬಂತು. ಕೊರೊನಾದಿಂದ ಎದ್ದು ಕೂತ ಜನರ ತಲೆಯ ಮೇಲೆ ಡೀಸೆಲ್ ನೂರು ದಾಟಿ ಕೂತಿತ್ತು. ದೀಪಾವಳಿಯ ಹೊತ್ತಿಗೆ ಇದ್ದಕ್ಕಿದ್ದಂತೆ ದಿಲ್ಲಿಯವರು ತೆರಿಗೆ ಇಳಿಸಿದರು. ಅದರ ಬೆನ್ನಿಗೆ ಕರ್ನಾಟಕದವರು ತಮ್ಮ ಪಾಲಿನದೂ ಇಳಿಸಿದರು. ತೆಲಂಗಾಣದವರು ತಮ್ಮ ಪಾಲು ಬಿಡಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ. ಗಡಿಯ ಈಚೆ ಆಚೆ ಎಂದೂ ಇರದಷ್ಟು ಅಂತರ ಬಿತ್ತು. ಕಲ್ಯಾಣಪ್ಪ ಹಬ್ಬದ ಹೋಳಿಗೆಯನ್ನೂ ಸರಿಯಾಗಿ ತಿನ್ನಲಿಲ್ಲವಂತೆ, ಊರಿಗೆಲ್ಲ ಫೋನು ಮಾಡಿ ಹೇಳಿದ್ದೇ ಹೇಳಿದ್ದು. ನನಗೂ ಮಾಡಿದ್ದ. ನನ್ನ ಹತ್ತಿರ ಸೈಕಲ್ಲೂ ಇಲ್ಲವೆಂದು ಗೊತ್ತಿದ್ದೂ ಮಾಡಿದ್ದ.

ಬಿದಿಗೆಯ ಬೆಳಿಗ್ಗೆ ಹುಮನಾಬಾದಿನಿಂದ ಬಸಲಿಂಗಮ್ಮನವರಿಗೆ ಫೋನು ಬಂತು. ಅಣ್ಣ ಕೆಲವು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಈಗ ಮೇಲುಸಿರು ಹತ್ತಿದೆ, ತಂಗಿ ಬಂದಳೇ ಎಂದು ಬಾಗಿಲು ನೋಡುತ್ತಿದ್ದಾರೆ, ಬೇಗ ಬನ್ನಿ ಎಂದು ಅಣ್ಣನ ಮಗ ಶಿವಪ್ರಕಾಶ ಹೇಳಿದ. ಕಲ್ಯಾಣಪ್ಪ ಉಳಿದ ಗಿರಾಕಿಗಳಿಗೆ ಕಾಯದೆ, ಮೊದಲೇ ಹತ್ತಿದ್ದ ಇಬ್ಬರು ಕೋಚಿಂಗ್ ಹುಡುಗರನ್ನೂ ಬಸಲಿಂಗಮ್ಮನವರನ್ನೂ ಕರೆದುಕೊಂಡು ಹೊರಟ. ಮೀಟರಿನ ಮುಳ್ಳು ಎಂದಿನಂತೆ ಮಲಗಿತ್ತು.

ನಾನು ಅಂದು ಗಾಡಿಯಲ್ಲಿರಲಿಲ್ಲ, ಹಬ್ಬಕ್ಕೆಂದು ಮೊದಲೇ ಮಗಳ ಮನೆ ಸೇರಿದ್ದೆ. ಊರಿಗೆಲ್ಲ ಗೊತ್ತಾದದ್ದು ಇಷ್ಟು. ಗಡಿ ದಾಟಿದರೆ ರಸ್ತೆಯ ಮೇಲೆ ಜಾತ್ರೆ. ಕಲ್ಯಾಣಪ್ಪ ಇಷ್ಟು ವರ್ಷ ಸಾರಿದ ಮಂತ್ರವನ್ನು ಜಗತ್ತು ಅಂದೇ ಕೇಳಿಸಿಕೊಂಡಿತ್ತು. ಲಾರಿ, ಟ್ರ್ಯಾಕ್ಟರ್, ಕಾರು, ಕ್ಯಾನು ಕಟ್ಟಿಕೊಂಡ ಬೈಕುಗಳು, ಎಲ್ಲವೂ ಆ ಪಂಪಿನ ಮುಂದೆ. ಪಂಪು ಬೆಳಿಗ್ಗೆಯೇ ಬತ್ತಿಹೋಗಿತ್ತು. ಸೀತಾರಾಮ ಕೈಮುಗಿದು, ಟ್ಯಾಂಕರ್ ದಾರಿಯಲ್ಲಿದೆ ಎಂದ. ಕಾಯುವ ಹಾಗಿಲ್ಲವೆಂದು ಕಲ್ಯಾಣಪ್ಪ ಮುಂದಿನ ಪಂಪಿಗೆ ಗಾಡಿ ಬಿಟ್ಟ. ಆ ಪಂಪಿರುವ ಮನ್ನಾಏಖೆಳ್ಳಿಗೆ ಇನ್ನೂ ದೂರವಿರುವಾಗಲೇ ಎಂಜಿನ್ ಕೆಮ್ಮಿ ನಿಂತಿತು. ಯಾವನೋ ಲಾರಿಯವನು ಪುಣ್ಯಾತ್ಮ ಬಾಟಲಿಯಲ್ಲಿ ಒಂದಿಷ್ಟು ಕೊಟ್ಟ. ಆದರೆ ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಬತ್ತಿದರೆ ಕೊಳವೆಯಲ್ಲಿ ಗಾಳಿ ತುಂಬುತ್ತದೆ, ಅದನ್ನು ಹೊರಗೆ ಹಾಕುವವರೆಗೆ ಏನು ಹೊಯ್ದರೂ ಹೊತ್ತಿಕೊಳ್ಳುವುದಿಲ್ಲ. ಅವನು ಬಾನೆಟ್ಟಿನೊಳಗೆ ಮುಖ ಹಾಕಿ ಗಾಳಿ ತೆಗೆಯುತ್ತಿದ್ದ. ಹುಡುಗರು ಕೈ ಅಡ್ಡ ಹಿಡಿದರೂ ಹಬ್ಬದ ಬಸ್ಸುಗಳು ತುಂಬಿಕೊಂಡು ಹಾಗೇ ಹೋದವು. ಕೊನೆಗೊಂದು ಜೀಪು ನಿಂತಿತು. ಬಸಲಿಂಗಮ್ಮ ತಟ್ಟೆ ಹಿಡಿದುಕೊಂಡು ಒಂದು ಕಾಲನ್ನು ನೆಲಕ್ಕಿಟ್ಟಿದ್ದರು. ಆಗ ಫೋನು ಬಂತು.

ಅವರು ಅಳಲಿಲ್ಲವಂತೆ. ಇಟ್ಟ ಕಾಲನ್ನು ಒಳಗೆ ತೆಗೆದುಕೊಂಡು ಮತ್ತೆ ಸೀಟಿನಲ್ಲಿ ಕೂತು, ತಟ್ಟೆಯ ಮೇಲಿನ ಅರಿವೆಯನ್ನು ಸರಿಮಾಡಿದರಂತೆ. ಜೀಪಿನವನು ಸ್ವಲ್ಪ ಹೊತ್ತು ನೋಡಿ ಹೊರಟುಹೋದ.

ಹುಮನಾಬಾದಿನ ಓಣಿಯ ಬಾಯಲ್ಲಿ ಶಿವಪ್ರಕಾಶ ಕಲ್ಯಾಣಪ್ಪನ ಅಂಗಿಯ ಕಾಲರ್ ಹಿಡಿದ. ನಾಲ್ಕು ಕಾಸು ಉಳಿಸುವುದಕ್ಕೆ ನಮ್ಮತ್ತೆಯನ್ನು ದಾರಿಯಲ್ಲಿ ಕೂಡಿಸಿದೆಯಲ್ಲೋ, ನಮ್ಮಪ್ಪ ಬಾಗಿಲು ನೋಡುತ್ತಲೇ ಹೋದ ಎಂದು ನೆರೆದವರ ಮುಂದೆ ಕೂಗಿದ. ನಾನು ಅಲ್ಲಿಗೆ ಹೋದಾಗ ಕಲ್ಯಾಣಪ್ಪ ಗೋಡೆಗೆ ಒರಗಿ ನಿಂತಿದ್ದ. ಸತ್ಯ ಹೇಳಬೇಕೆಂದರೆ ನನಗೂ ಅವನ ಮೇಲೆ ಸಿಟ್ಟೇ ಬಂದಿತ್ತು.

ಹೈದರಾಬಾದಿನ ನಮ್ಮವರಿಗೆ ಸುದ್ದಿ ಮುಟ್ಟುವುದಕ್ಕೆ ಹೊತ್ತು ಬೇಕಾಗಲಿಲ್ಲ. ಬಿದ್ದವನಿಗೆ ಆಳಿಗೊಂದು ಕಲ್ಲು. ಗಡಿ ಕಲ್ಯಾಣಪ್ಪ ಎಂಬ ಹೆಸರು ಅದೇ ಉಳಿಯಿತು, ಹೇಳುವ ಬಾಯಿ ಬೇರೆಯಾಯಿತು. ಅವನಿಂದ ಈ ವಿದ್ಯೆ ಕಲಿತವರೇ ಅವನ ಗಾಡಿ ಬಿಟ್ಟರು. ಬಸಲಿಂಗಮ್ಮ ಮಾತ್ರ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಬೈಯಲಿಲ್ಲ, ಶಾಪ ಹಾಕಲಿಲ್ಲ. ಮುಂದೆ ಬಿದಿಗೆ ಬಂದರೂ ಗಾಡಿಗೆ ಹೇಳಿಕಳಿಸಲಿಲ್ಲ.

ನಾನು ಅವನ ಗಾಡಿ ಬಿಡಲಿಲ್ಲ. ಮೊಣಕಾಲಿನ ಕಾರಣವೂ ಇತ್ತು, ಹಟದ ಕಾರಣವೂ ಇತ್ತು. ಊರೆಲ್ಲ ಒಂದು ಕಡೆ ಹೊರಟರೆ ನನಗೆ ಇನ್ನೊಂದು ಕಡೆ ಹೋಗಬೇಕೆನಿಸುತ್ತದೆ. ಗಾಡಿಯೊಳಗೆ ಎಲ್ಲ ಬದಲಾಗಿತ್ತು. ಡೀಸೆಲ್ಲಿನ ಮಾತೇ ಇಲ್ಲ. ಯಾರಾದರೂ ಎತ್ತಿದರೆ ಹಾರ್ನ್ ಹೊಡೆಯುವನು. ಹೊರಡುವ ಮೊದಲೇ ಕಾಚಿಗೂಡದ ಹತ್ತಿರವೇ ಟ್ಯಾಂಕು ತುಂಬಿಸುತ್ತಿದ್ದ, ದರದ ಹಲಗೆಯನ್ನು ಕಣ್ಣೆತ್ತಿ ನೋಡದೆ. ಎಡಗಡೆ ಕಿಟಕಿಯ ಸೀಟು ಖಾಲಿ. ಅದನ್ನು ತೋರಿಸುವ ಒಳಗನ್ನಡಿಯನ್ನು ತನ್ನ ಎದೆಯ ಕಡೆಗೆ ತಿರುಗಿಸಿಕೊಂಡಿದ್ದ.

ಒಮ್ಮೆ ನಾನು ರೇಗಿಸಿದೆ. ಗಾಡಿಯಲ್ಲಿ ದೆವ್ವ ಕೂಡಿಸಿಕೊಂಡಿದ್ದೀಯೇನಪ್ಪ, ಅದಕ್ಕೂ ಟಿಕೆಟ್ ಕೊಡು ಎಂದೆ. ಅವನು ನಗಲಿಲ್ಲ. “ವಾಸನಿ ಬರಾಕತ್ತೈತೇನ್ರಿ ಅಕ್ಕಾರ?” ಎಂದು ಕೇಳಿದ. ಯಾವ ವಾಸನೆ ಎಂದರೆ, ಆರಿಸಿದ ತುಪ್ಪದ ಬತ್ತಿಯದು ಎಂದ. ಆ ಬತ್ತಿಗಳನ್ನು ಅಂದು ಯಾರೂ ಹಚ್ಚಿರಲೇ ಇಲ್ಲ, ಆರಿಸುವುದು ಎಲ್ಲಿಂದ ಬಂತು? ನಾನು ಹಾಗೆಂದು ಹೇಳಬೇಕೆಂದು ಉಸಿರು ಎಳೆದುಕೊಂಡೆ. ಎಳೆದುಕೊಂಡ ಉಸಿರಿನಲ್ಲಿ ನನಗೂ ಅದು ಬಂತು. ಅವನು ಹೇಳಿದ್ದರಿಂದ ಬಂತೋ, ಇದ್ದದ್ದಕ್ಕೆ ಬಂತೋ ತಿಳಿಯದು. ನಾನು ಕಿಟಕಿ ಇಳಿಸಿಕೊಂಡು ಕೂತೆ. ನನಗೆ ಅಂದು ನಿಜವಾಗಿ ಹೆದರಿಕೆಯಾಯಿತು.

ಇನ್ನೊಂದು ವಿಚಿತ್ರವಿತ್ತು. ಸಂಗಾರೆಡ್ಡಿಯ ಹತ್ತಿರ ರಸ್ತೆಯ ಎಡಕ್ಕೆ ಒಂದು ದೊಡ್ಡ ಪಂಪಿದೆ. ಅಲ್ಲಿಗೆ ಬಂದಾಗಲೆಲ್ಲ ಕಲ್ಯಾಣಪ್ಪ ಎಡಗಡೆಯ ಇಂಡಿಕೇಟರ್ ಹಾಕುತ್ತಿದ್ದ. ಗಾಡಿ ನಿಧಾನಿಸುವುದು, ಟಕ್ ಟಕ್ ಎನ್ನುವುದು, ಪಂಪಿನ ಬಾಯಿ ಬರುವುದು. ಅಲ್ಲಿ ಇಂಡಿಕೇಟರ್ ಆರಿಸಿ ಮುಂದೆ ಹೋಗಿಬಿಡುತ್ತಿದ್ದ. ಟ್ಯಾಂಕು ತುಂಬಿದ ಗಾಡಿಗೆ ಇದೇನು ಮರುಳು? ಹಿಂದಿನ ಗಾಡಿಯವರು ತೆಲುಗಿನಲ್ಲಿ ಅವನ ವಂಶವನ್ನೆಲ್ಲ ನೆನೆಯುತ್ತಿದ್ದರು. ಹಲವು ಸಲ ನೋಡಿ, ಒಂದು ದಿನ ನಾನೊಬ್ಬಳೇ ಇದ್ದಾಗ ಬಿಡದೆ ಕೇಳಿದೆ. ಅವನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ.

“ಆ ದಿನಾ ನಾ ಇಲ್ಲಿ ಗಾಡಿ ಹೊಳ್ಳಿಸಾಕತ್ತಿದ್ನಿರಿ ಅಕ್ಕಾರ. ಜೀವದ ಮಾತು, ಇವತ್ತೊಂದಿನ ಇಲ್ಲೇ ಹಾಕ್ಸೂಣು ಅಂತ ಲೈಟ್ ಹಾಕಿದ್ನಿ. ಅವ್ವಾರು ಬ್ಯಾಡ ಅಂದ್ರು. ಇಲ್ಲಿ ಪಾಳಿ ಹಚ್ಯಾರ, ಹೊತ್ತಾಗತೈತಿ, ತುಟ್ಟಿ ಎಣ್ಣಿ ಯಾಕ, ನಿನ್ನ ಗಡಿ ಎಷ್ಟು ದೂರ ಐತಿ, ನಡಿ ನಡಿ ಅಂದ್ರು. ನಾ ಕಲಿಸಿದ ಮಾತು ನನಗ ಹೇಳಿದ್ರು. ನಾ ಲೈಟ್ ಆರಿಸಿದ್ನಿ.”

ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದರಂತೆ. ಕೇಳಿದವರು ಬೇರೆ ಯಾರೂ ಇಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಲ್ಲರ ಬಾಯಲ್ಲೂ ಕೊಲೆಗಾರನಾಗಿ ತಿರುಗುತ್ತಿದ್ದೀಯಲ್ಲ, ಅಂದು ಶಿವಪ್ರಕಾಶ ಕಾಲರ್ ಹಿಡಿದಾಗ ನಿನ್ನ ನಾಲಿಗೆ ಎಲ್ಲಿ ಹೋಗಿತ್ತು ಎಂದು ಬೈದೆ. ನಾನೇ ಹೋಗಿ ಹೇಳುತ್ತೇನೆ ಎಂದೂ ಅಂದೆ. ಅವನು ನನ್ನ ಕಡೆಗೆ ತಿರುಗಿ ಕೈ ಮುಗಿದ. “ಅಣ್ಣನ ಹೆಣದ ಮುಂದ ಕುಂತ ಅವ್ವಾರಿಗಿ, ನಿಮ್ಮ ಮಾತಿನಿಂದ ಹಿಂಗಾತು ಅಂತ ಹ್ಯಾಂಗ ಹೇಳ್ಲಿರಿ? ಅವರು ಅದನ್ನ ಮರ್ತಾರ. ಮರೀಲಿ ಬಿಡ್ರಿ.” ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನನ್ನ ಜೀವಮಾನದಲ್ಲಿ ಇಷ್ಟು ದುಬಾರಿ ಮಾತು ಇನ್ನೊಂದು ಕೊಟ್ಟಿಲ್ಲ.

ವರ್ಷಗಳು ಉರುಳಿದವು. ಕರ್ನಾಟಕದವರು ಮತ್ತೆ ತೆರಿಗೆ ಏರಿಸಿದರು, ಎರಡು ಕಡೆಯ ಅಂತರ ಸವೆಯುತ್ತ ಬಂತು, ಗಡಿಯ ಪಂಪಿನ ಮುಂದಿನ ಜಾತ್ರೆ ಕರಗಿತು. ಯಾವುದಕ್ಕಾಗಿ ಅಷ್ಟೆಲ್ಲ ಆಯಿತೋ ಅದು ಚಿಲ್ಲರೆಯಾಗಿ ಹೋಯಿತು. ಕಳೆದ ದೀಪಾವಳಿಗೆ ಬಸಲಿಂಗಮ್ಮನವರ ಸೊಸೆ ಸಪ್ನಾ ಕಲ್ಯಾಣಪ್ಪನಿಗೆ ಫೋನು ಮಾಡಿದಳು. ಅತ್ತೆ ಬಿದಿಗೆಗೆ ಹುಮನಾಬಾದಿಗೆ ಹೋಗಬೇಕೆನ್ನುತ್ತಾರೆ, ನಿನ್ನ ಗಾಡಿಯೇ ಬೇಕಂತೆ ಎಂದಳು. ಬಸಲಿಂಗಮ್ಮ ಸೊರಗಿ ಕಡ್ಡಿಯಾಗಿದ್ದರು. ವರ್ಷಗಳಿಂದ ನಿದ್ದೆ ಹತ್ತುವುದಿಲ್ಲ, ಹತ್ತಿದರೆ ಬೆಚ್ಚಿ ಎದ್ದು ಕೂಡುತ್ತಾರೆ, ಯಾವ ಡಾಕ್ಟರ ಗುಳಿಗೆಯೂ ನಾಟಲಿಲ್ಲ ಎಂದು ಸಪ್ನಾ ನನಗೂ ಹೇಳಿದ್ದಳು. ಕಲ್ಯಾಣಪ್ಪ ನನ್ನ ಮನೆಗೆ ಬಂದು ನಿಂತ. ನೀವು ಮುಂದೆ ಕೂಡ್ರಿ, ನನಗೆ ಧೈರ್ಯ ಸಾಲದು ಎಂದ.

ದಿಲ್‌ಸುಖ್‌ನಗರದಲ್ಲಿ ಬಸಲಿಂಗಮ್ಮ ಯಾರನ್ನೂ ಕೇಳದೆ ಆ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಿಳಿ ಅರಿವೆ. ತುಪ್ಪದ ವಾಸನೆ ಬಂತು, ಈ ಸಲ ನಿಜವಾಗಿಯೇ. ಕಲ್ಯಾಣಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಪಟಾನ್‌ಚೆರು ದಾಟಿದೆವು. ಸಂಗಾರೆಡ್ಡಿಯ ಆ ಪಂಪು ದೂರದಿಂದ ಕಂಡಾಗ ನಾನು ಅವನ ಕೈ ನೋಡಿದೆ. ಕೈ ಇಂಡಿಕೇಟರಿನ ಹತ್ತಿರ ಹೋಗಿ, ಹಿಂದಕ್ಕೆ ಬಂದು, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿತು. ಅಂದು ಮೊದಲ ಸಲ ಅವನು ಲೈಟ್ ಹಾಕದೆ ಆ ಪಂಪನ್ನು ದಾಟಿದ.

“ಕಲ್ಯಾಣಪ್ಪಾ,” ಎಂದರು ಬಸಲಿಂಗಮ್ಮ ಹಿಂದಿನಿಂದ. “ಗಾಡಿ ನಿಂದ್ರಸು.”

ನಿಲ್ಲಿಸಿದ.

“ನೀ ಲೈಟ್ ಹಾಕಿದ್ದು ಇಲ್ಲೇ ಅಲ್ಲೇನು?”

“ಯಾವ ಲೈಟ್‌ರಿ ಅವ್ವಾರ?”

“ಟಕ್ ಟಕ್ ಅಂತಿತ್ತು. ಕಣ್ಣು ಮುಚ್ಚಿದ್ರ ಸಾಕು, ಕಿವ್ಯಾಗ ಅದ ಸಪ್ಪಳ. ನೀ ಪಂಪಿಗಿ ಹೊಳ್ಳಿಸಾಕತ್ತಿದ್ದಿ, ನಾ ಬ್ಯಾಡ ಅಂದೆ. ಹೌದಲ್ಲ? ಖರೇ ಅಂದೆನೋ, ಕನಸು ಬಿದ್ದೈತೋ, ನನಗ ತಿಳೀವಲ್ದು. ನಮ್ಮಣ್ಣನ್ನ ನಾನ ಕೊಂದೆನೋ ಹ್ಯಾಂಗೋ, ಅದೊಂದು ತಿಳಿದ್ರ ಸಾಕು. ನಮ್ಮಣ್ಣನ ಆಣಿ ಮಾಡಿ ಹೇಳು.”

ಆಗ ನನಗೆ ಗೊತ್ತಾಯಿತು. ಇವನು ತುಪ್ಪದ ವಾಸನೆಯೊಂದಿಗೆ ಬದುಕುತ್ತಿದ್ದರೆ, ಅವರು ಆ ಸಪ್ಪಳದೊಂದಿಗೆ ಬದುಕುತ್ತಿದ್ದರು. ಅವರು ಏನನ್ನೂ ಮರೆತಿರಲಿಲ್ಲ.

ಒಂದೇ ಮಾತು ಸಾಕಿತ್ತು. ಹೌದೆಂದರೆ ಅವನ ಮೇಲಿನ ಕಳಂಕ ಅಲ್ಲೇ ತೊಳೆದುಹೋಗುತ್ತಿತ್ತು. ಆಣೆಯೆಂದರೆ ನಮ್ಮವರಿಗೆ ಆಟವಲ್ಲ, ಸತ್ತವರ ಹೆಸರಿನ ಆಣೆಯಂತೂ ಕೋರ್ಟಿನಲ್ಲಿ ಸುಳ್ಳು ಹೇಳುವವನೂ ಮಾಡಲಾರ. ನಾನು ಕಲ್ಯಾಣಪ್ಪನ ಮುಖ ನೋಡುತ್ತಿದ್ದೆ. ಅವನು ಎದೆಯ ಕಡೆ ತಿರುಗಿಸಿದ್ದ ಕನ್ನಡಿಯನ್ನು ಕೈಯೆತ್ತಿ ಸರಿಮಾಡಿದ. ಅದರೊಳಗಿನ ಬಸಲಿಂಗಮ್ಮನವರನ್ನು ನೆಟ್ಟಗೆ ನೋಡಿ ಹೇಳಿದ.

“ನಿಮ್ಮ ಅಣ್ಣಾರ ಆಣಿರಿ ಅವ್ವಾರ. ನಾ ಲೈಟ್ ಹಾಕಿರಲಿಲ್ಲ. ನೀವೇನೂ ಅಂದಿಲ್ಲ, ಕಣ್ಣು ಮುಚ್ಚಿ ಕುಂತಿದ್ರಿ. ಅಗ್ಗದ ಎಣ್ಣಿ ಆಸೆ ನನಗಿತ್ತು. ನಾನ ನಿಲ್ಲಿಸಲಿಲ್ಲ.”

ಬಾಯಿ ತೆರೆದಿದ್ದ ನಾನು ಹಲ್ಲು ಕಚ್ಚಿ ಕೂತೆ. ಮಾತು ಕೊಟ್ಟಿದ್ದೆನಲ್ಲ.

ಬಸಲಿಂಗಮ್ಮ ತಟ್ಟೆಯ ಮೇಲಿನ ಅರಿವೆಯನ್ನು ಸರಿಮಾಡಿಕೊಂಡರು. ಆಮೇಲೆ ಶುರುವಾಯಿತು. ವರ್ಷಗಟ್ಟಲೆ ತಮ್ಮ ಮೇಲೆ ತಿರುಗಿಸಿಕೊಂಡಿದ್ದ ಬೈಗುಳವನ್ನೆಲ್ಲ ಅವನ ಕಡೆಗೆ ತಿರುಗಿಸಿದರು. ನಿನ್ನ ಮನೆ ದೀಪ ಆರಲಿ, ನಿನ್ನ ಕೊನೆಯ ಹೊತ್ತಿನಲ್ಲಿ ನಿನ್ನವರು ಯಾರೂ ಮುಟ್ಟದಿರಲಿ ಎಂದು ಶಾಪ ಹಾಕಿದರು. ಅಣ್ಣನ ಹೆಸರು ಹಿಡಿದು ಕೂಗಿ ಅತ್ತರು. ಅಂದು ರಸ್ತೆಯಲ್ಲಿ ಅಳದ ಅಳು ಅದು. ಜಹೀರಾಬಾದ್ ಬರುವವರೆಗೂ ನಿಲ್ಲಲಿಲ್ಲ. ಕಲ್ಯಾಣಪ್ಪ ಹೌದ್ರಿ, ಹೌದ್ರಿ ಎನ್ನುತ್ತ ಗಾಡಿ ಓಡಿಸಿದ. ಗಡಿ ದಾಟುವ ಹೊತ್ತಿಗೆ ಹಿಂದೆ ದನಿಯಿಲ್ಲ. ತಿರುಗಿ ನೋಡಿದರೆ ಬಸಲಿಂಗಮ್ಮ ಕಿಟಕಿಗೆ ತಲೆಯಿಟ್ಟು, ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತಿದ್ದರು. ತಟ್ಟೆ ತೊಡೆಯಿಂದ ಜಾರುತ್ತಿತ್ತು. ನಾನು ಕೈ ಚಾಚಿ ಹಿಡಿದುಕೊಂಡೆ, ಹುಮನಾಬಾದಿನವರೆಗೂ ಹಿಡಿದುಕೊಂಡೇ ಕೂತೆ.

ಓಣಿಯ ಬಾಯಲ್ಲಿ ಇಳಿದವರು ಅವನ ಕಡೆ ನೋಡದೆ ಶಿ‍ವಪ್ರಕಾಶನ ಕೈ ಹಿಡಿದು ಒಳಗೆ ಹೋದರು. ಅಣ್ಣನ ಫೋಟೋಕ್ಕೆ ಆರತಿ ಬೆಳಗಿದರೆಂದು ಆಮೇಲೆ ಕೇಳಿದೆ.

ಈ ಬೇಸಿಗೆಯಲ್ಲಿ ಬಸಲಿಂಗಮ್ಮ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅತ್ತೆ ಮಗುವಿನ ಹಾಗೆ ನಿದ್ದೆ ಮಾಡಿದರು, ಹೋದದ್ದೂ ನಿದ್ದೆಯಲ್ಲೇ ಎಂದು ಸಪ್ನಾ ಹೇಳಿದಳು. ಅವರ ಕಾರ್ಯ ಮುಗಿದ ಮೇಲೆ ಹುಮನಾಬಾದಿಗೆ ಹೋಗುವಾಗ ನಾನು ಕಲ್ಯಾಣಪ್ಪನ ಪಕ್ಕದ ಸೀಟಿನಲ್ಲಿದ್ದೆ. ಹಿಂದೆ ಯಾರೂ ಇರಲಿಲ್ಲ. ಇನ್ನಾದರೂ ಬಾಯಿ ಬಿಡು ಎಂದೆ. ಇನ್ನು ಯಾರ ನಿದ್ದೆಯೂ ಕೆಡುವುದಿಲ್ಲ, ಶಿವಪ್ರಕಾಶನಿಗೆ ಹೇಳು, ನಮ್ಮ ಜನಕ್ಕೆ ಹೇಳು, ನಿನ್ನ ಹೆಸರು ನಿನಗೆ ವಾಪಸ್ಸು ಬರಲಿ. ನೀನು ಹೇಳದಿದ್ದರೆ ನಾನಂತೂ ಹೇಳುವವಳೇ, ಕೊಟ್ಟ ಮಾತು ಆಕೆಯೊಂದಿಗೇ ಹೋಯಿತು ಎಂದೆ. ಹೇಳುತ್ತಿದ್ದೇನೆ ಕೂಡ.

ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಸಂಗಾರೆಡ್ಡಿ ಹತ್ತಿರವಾಗುತ್ತಿತ್ತು. ಕನ್ನಡಿ ಮತ್ತೆ ಅವನ ಎದೆಯ ಕಡೆಗೇ ತಿರುಗಿತ್ತು. ಅದನ್ನು ಬೊಟ್ಟು ಮಾಡಿ, ಇನ್ನೂ ಯಾಕೆ, ಅವರು ನಿನ್ನನ್ನು ಬಿಟ್ಟುಹೋಗಲಿಲ್ಲವೇ ಎಂದು ಕೇಳಿದೆ.

“ಅವ್ವಾರು ಆವತ್ತ ಇಳದ್ರುರಿ,” ಎಂದ ಕಲ್ಯಾಣಪ್ಪ. “ಮತ್ತ ಬಂದಿಲ್ಲ. ಈಗ ಅವರ ಅಣ್ಣ ಕೂಡ್ತಾರ.”

ನಾನು ತಿರುಗಿ ಆ ಸೀಟನ್ನು ನೋಡಿದೆ.

“ಜೀವಂತ ಇದ್ದಾಗ ನಾ ಅವರ ಮಾರಿ ನೋಡಿಲ್ಲ ನೋಡ್ರಿ. ಆದ್ರೂ ಗುರ್ತು ಹತ್ತತೈತಿ. ಬೈಯಂಗಿಲ್ಲ, ಏನೂ ಕೇಳಂಗಿಲ್ಲ. ಆರತಿಗಿ ಕುಂತಂಗ ಹಣಿ ಮುಂದ ಮಾಡಿ ಕೂಡ್ತಾರ. ಹಣಿಮ್ಯಾಲ ಕುಂಕುಮ ಇಲ್ಲ.”

ಎಡಕ್ಕೆ ಆ ಪಂಪು ಬಂತು. ಕಲ್ಯಾಣಪ್ಪ ಇಂಡಿಕೇಟರ್ ಹಾಕಿದ, ಗಾಡಿ ನಿಧಾನಿಸಿತು, ಪಂಪಿನ ಬಾಯಿ ಹಿಂದೆ ಬಿತ್ತು. ಈ ಸಲ ಇಂಡಿಕೇಟರ್ ಆರಿಸಲು ಅವನಿಗೆ ನೆನಪಾಗಲಿಲ್ಲ. ಜಹೀರಾಬಾದಿನವರೆಗೂ ಅದು ಟಕ್ ಟಕ್ ಎನ್ನುತ್ತಲೇ ಇತ್ತು, ಆರಿಸು ಎಂದು ನಾನೂ ಹೇಳಲಿಲ್ಲ.